ಮೇ ತಿಂಗಳ ರಜೆ: ತಾಣದ ಆಯ್ಕೆ ಮತ್ತು ಆರೋಗ್ಯ

ಹೊರನಾಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ರಜೆಯ ಪ್ರವಾಸದ ಮಾತು ಸಾಮಾನ್ಯವಾಗಿ ಸ್ಥಳದ ಹೆಸರಿನಿಂದ ಆರಂಭವಾಗುತ್ತದೆ. ಮಕ್ಕಳಿಗೆ ಊಟಿಯ ಪುಟ್ಟ ರೈಲು ಬೇಕು. ಅಜ್ಜಿಗೆ ಕೇದಾರ-ಬದರಿಗಳ ದರ್ಶನವಾಗಬೇಕು. ಗೃಹಿಣಿಯನ್ನು ತವರಿನ ಹಲಸಿನ ಹಣ್ಣು ಕರೆಯುತ್ತಿರುತ್ತದೆ. ಮನೆಯ ಯಜಮಾನರಿಗಾದರೋ ಕಚೇರಿಯ ರಜಾ ಪ್ರವಾಸ ಭತ್ಯೆಯ ಅವಧಿ ಮುಗಿಯುವುದರೊಳಗೆ ಎಲ್ಲಿಗಾದರೂ ಹೋಗಿ ಬಂದರಾಯಿತು. ಈ ಚರ್ಚೆಯಲ್ಲಿ ತಿಂಗಳು ಯಾವುದೆಂಬ ಪ್ರಶ್ನೆ ಏಳುವುದೇ ಇಲ್ಲ. ಶಾಲೆಗೆ ರಜೆ ಇರುವುದು ಮೇ ತಿಂಗಳಲ್ಲಿ. ಆದುದರಿಂದ ಹೊರಡುವುದೂ ಮೇ ತಿಂಗಳಲ್ಲಿ.

ಇಲ್ಲಿ ಬದಲಿಸಲಾಗದ ಅಂಶ ತಿಂಗಳು. ಬದಲಿಸಬಹುದಾದ ಅಂಶ ಸ್ಥಳ. ಹಾಗಿರುವಾಗ ಮೊದಲು ತಿಂಗಳ ಸ್ವಭಾವವನ್ನು ಅರಿತು, ಅನಂತರ ಅದಕ್ಕೆ ಒಪ್ಪುವ ಸ್ಥಳವನ್ನು ಹುಡುಕುವುದು ಸರಿಯಾದ ಕ್ರಮ. ನಡೆಯುವುದು ಮಾತ್ರ ಇದಕ್ಕೆ ತೀರ ವಿರುದ್ಧವಾಗಿ. ಪರಿಣಾಮವಾಗಿ, ನಡುಹಗಲಿನಲ್ಲಿ ಹಂಪೆಯ ಕಾದ ಕಲ್ಲುಗಳ ನಡುವೆ ಬಸವಳಿದು ಕುಳಿತ ಮುದುಕರನ್ನೂ, ಜೋಗದ ಬೋಳು ಬಂಡೆಯನ್ನು ಕಂಡು ಮುಖ ಸಪ್ಪಗೆ ಮಾಡಿಕೊಂಡ ಮಕ್ಕಳನ್ನೂ ಪ್ರತಿ ಬೇಸಗೆಯಲ್ಲಿ ಕಾಣಬಹುದು. ಬರಿಯ ನಿರಾಶೆಯಾದರೆ ಚಿಂತೆಯಿಲ್ಲ. ಮುಂದಿನ ವರ್ಷ ಸರಿಪಡಿಸಿಕೊಳ್ಳಬಹುದು. ಎಪ್ಪತ್ತು ದಾಟಿದ ತಾಯಿತಂದೆಯರನ್ನು ಸಲ್ಲದ ಎತ್ತರಕ್ಕೆ ಅಥವಾ ಸಲ್ಲದ ಬಿಸಿಲಿಗೆ ಕರೆದೊಯ್ದು ಆಗುವ ಹಾನಿಯನ್ನು ಸರಿಪಡಿಸಲು ಮುಂದಿನ ವರ್ಷ ಒದಗದೆಯೂ ಇರಬಹುದು.

ಲೆಕ್ಕಪತ್ರಶಾಸ್ತ್ರದಲ್ಲಿ ಒಂದು ಹಳೆಯ ನಿಯಮವುಂಟು. ಬರಬಹುದಾದ ನಷ್ಟಕ್ಕೆ ಮುಂಚಿತವಾಗಿಯೇ ಅವಕಾಶ ಕಲ್ಪಿಸಬೇಕು. ಬರಬಹುದಾದ ಲಾಭವನ್ನು ಅದು ಕೈಗೆ ಬರುವ ತನಕ ಜಮೆಗೆ ಹಿಡಿಯಬಾರದು. ಪ್ರವಾಸದ ಯೋಜನೆಗೂ ಇದು ಚೆನ್ನಾಗಿ ಹೊಂದುತ್ತದೆ. ಕುಟುಂಬದಲ್ಲಿ ಶರೀರಬಲ ಅತ್ಯಂತ ಕಡಿಮೆಯಿರುವವರು ಯಾರೋ, ರಕ್ತದೊತ್ತಡದ ಅಜ್ಜನೋ, ಮಧುಮೇಹದ ಅತ್ತೆಯೋ, ಎರಡು ವರ್ಷದ ಮಗುವೋ, ಅವರ ಶಕ್ತಿಗೆ ತಕ್ಕಂತೆ ಸ್ಥಳವನ್ನು ಗೊತ್ತುಮಾಡಬೇಕು. ಉಳಿದವರ ಉತ್ಸಾಹ ಆಮೇಲಿನ ಮಾತು.

ಮೇ ಎಂಬ ತಿಂಗಳು

ಭಾರತದಲ್ಲಿ ಮೇ ತಿಂಗಳೆಂದರೆ ಎಲ್ಲೆಡೆಯೂ ಒಂದೇ ಬಗೆಯ ಬೇಸಗೆಯೆಂದು ಭಾವಿಸುವುದು ಸರಿಯಲ್ಲ. ಉತ್ತರಾಯಣದಲ್ಲಿ ಸೂರ್ಯನು ಬೆಂಗಳೂರಿನ ನೆತ್ತಿಯ ಮೇಲೆ ಬರುವುದು ಏಪ್ರಿಲ್ 24ರ ಸುಮಾರಿಗೆ. ಹೈದರಾಬಾದಿಗೆ ಮೇ 9ರ ಸುಮಾರಿಗೆ. ಮುಂಬಯಿಗೆ ಮೇ ನಡುವಿನಲ್ಲಿ. ದಿಲ್ಲಿಯು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಉತ್ತರದಲ್ಲಿರುವುದರಿಂದ ಅಲ್ಲಿ ಸೂರ್ಯನು ಎಂದೂ ನೇರ ನೆತ್ತಿಗೆ ಬರುವುದಿಲ್ಲವಾದರೂ, ಸಮುದ್ರದ ಸಾಮೀಪ್ಯವಿಲ್ಲದೆ ನೆಲ ಕಾದು, ರಾಜಸ್ಥಾನದ ಕಡೆಯಿಂದ ಬೀಸುವ ಒಣ ಬಿಸಿಗಾಳಿಗೆ ಸಿಕ್ಕಿ, ಮೇ ಉತ್ತರಾರ್ಧವೂ ಜೂನ್ ತಿಂಗಳೂ ಅಲ್ಲಿ ಅತಿ ಕಠಿಣವಾಗಿರುತ್ತವೆ. ಚೆನ್ನೈಯವರಿಗೆ ಮೇ 4ರಿಂದ 28ರ ಸುಮಾರಿನ ‘ಅಗ್ನಿ ನಕ್ಷತ್ರ’ದ ದಿನಗಳ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ.

ಕರ್ನಾಟಕದ ದಕ್ಷಿಣ ಭಾಗದ ಕತೆ ಬೇರೆ. ಬೆಂಗಳೂರು, ಮೈಸೂರುಗಳಲ್ಲಿ ಅತಿ ಹೆಚ್ಚು ಬಿಸಿಯ ತಿಂಗಳು ಏಪ್ರಿಲ್. ಮೇ ಬರುವಷ್ಟರಲ್ಲಿ ಸಂಜೆಯ ಗುಡುಗು ಮಳೆಗಳು ಆರಂಭವಾಗಿ ನೆಲವನ್ನು ತಣಿಸತೊಡಗುತ್ತವೆ. ರೈತರು ಭರಣಿ, ಕೃತ್ತಿಕೆ ಎಂದು ಹೆಸರಿಟ್ಟು ಎಣಿಸುವ ಮಳೆಗಳು ಇವೇ. ಭರಣಿಯದು ಮೇ ಮೊದಲ ಹತ್ತು ದಿನಗಳು, ಕೃತ್ತಿಕೆಯದು ಆಮೇಲಿನ ಎರಡು ವಾರಗಳು. ಆದುದರಿಂದ ‘ಮೇ ತಿಂಗಳಲ್ಲಿ ದಕ್ಷಿಣಕ್ಕೆ ಹೋದರೆ ಇನ್ನೂ ಸೆಕೆ’ ಎಂಬ ದಿಲ್ಲಿಯವರ ನಂಬಿಕೆಗೆ ಆಧಾರ ಸಾಲದು.

ಸೆಕೆಯಲ್ಲಿಯೂ ಎರಡು ಬಗೆ. ಒಣ ಸೆಕೆಯಲ್ಲಿ ಬೆವರು ಬೇಗ ಆರುತ್ತದೆ, ಆರುವಾಗ ಶರೀರವನ್ನು ತಂಪು ಮಾಡುತ್ತದೆ. ಎಷ್ಟು ನೀರು ಹೋಯಿತೆಂಬುದು ಮಾತ್ರ ತಿಳಿಯುವುದಿಲ್ಲ. ಕರಾವಳಿಯ ಒದ್ದೆ ಸೆಕೆಯಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ಬೆವರು ಮೈಮೇಲೆ ಹರಿಯುತ್ತದೆಯೇ ಹೊರತು ಆರುವುದಿಲ್ಲ. ಉಷ್ಣಮಾಪಕ 34 ಡಿಗ್ರಿ ತೋರಿಸುತ್ತಿದ್ದರೂ ಶರೀರ ಅದಕ್ಕಿಂತ ಎಷ್ಟೋ ಹೆಚ್ಚಿನ ಶ್ರಮಪಡುತ್ತಿರುತ್ತದೆ. ಮುಂಬಯಿಯವರು ಮೇ ತಿಂಗಳಲ್ಲಿ ಗೋವೆಯ ಕಡಲತೀರಕ್ಕೆ ಹೋಗುವುದೆಂದರೆ, ಅದೇ ಸಮುದ್ರದ ಅದೇ ಸೆಕೆಯನ್ನು ಕೋಣೆಯ ಬಾಡಿಗೆ ತೆತ್ತು ಅನುಭವಿಸಿದಂತೆ.

ಎತ್ತರದ ಲೆಕ್ಕ

ಬೇಸಗೆಗೆ ಪ್ರಕೃತಿ ಕೊಟ್ಟಿರುವ ಪರಿಹಾರ ಎತ್ತರ. ಸಮುದ್ರಮಟ್ಟದಿಂದ ಮೇಲೇರಿದಂತೆ ಪ್ರತಿ 1,000 ಮೀಟರಿಗೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಕಡಿಮೆಯಾಗುತ್ತದೆ. ಈ ಒಂದು ಅಂಕಿಯನ್ನು ನೆನಪಿಟ್ಟುಕೊಂಡರೆ ಬಣ್ಣಬಣ್ಣದ ಪ್ರವಾಸ ಪತ್ರಿಕೆಗಳ ಹೊಗಳಿಕೆಯನ್ನು ಮನೆಯಲ್ಲಿಯೇ ಪರಿಶೀಲಿಸಿಬಿಡಬಹುದು.

ಮಾಥೇರಾನ್ ಸುಮಾರು 800 ಮೀಟರ್ ಎತ್ತರದಲ್ಲಿದೆ. ಹಾಗಾದರೆ ಬುಡದ ನೇರಳಕ್ಕಿಂತ ಐದು ಡಿಗ್ರಿ ತಂಪು, ಅಷ್ಟೇ. ಮಹಾಬಳೇಶ್ವರ 1,350 ಮೀಟರ್. ಒಂಬತ್ತು ಡಿಗ್ರಿಯ ವ್ಯತ್ಯಾಸ. ಮೇ ತಿಂಗಳ ಮಧ್ಯಾಹ್ನ ಅಲ್ಲಿಯೂ ಉಷ್ಣತೆ 30ರ ಆಸುಪಾಸಿನಲ್ಲಿರುವುದು ಸಹಜ. ಬೆಳಗ್ಗೆ ಸಂಜೆಗಳು ಮಾತ್ರ ನಿಜಕ್ಕೂ ಹಿತಕರ. ಊಟಿ ಸುಮಾರು 2,240 ಮೀಟರ್, ಕೊಡೈಕಾನಲ್ ಸುಮಾರು 2,100, ಶಿಮ್ಲಾ 2,200, ನೈನಿತಾಲ್ 2,084. ಬಯಲಿನಲ್ಲಿ 40 ಡಿಗ್ರಿ ಸುಡುತ್ತಿರುವಾಗ ಇವುಗಳಲ್ಲಿ 25ರ ಸುಮಾರಿಗೆ ಇರುತ್ತದೆ. ಹೃದ್ರೋಗ, ಶ್ವಾಸಕೋಶದ ತೊಂದರೆಗಳು ಹತೋಟಿಯಲ್ಲಿರುವವರಿಗೂ ಈ ಎತ್ತರ ಬಹುಮಟ್ಟಿಗೆ ಸಹನೀಯ. ಆದರೂ ಹೊರಡುವ ಮುನ್ನ ವೈದ್ಯರ ಅಭಿಪ್ರಾಯ ಪಡೆಯಲೇಬೇಕು.

ಊಟಿ, ಕೊಡೈಕಾನಲ್‌ಗಳ ಕಷ್ಟ ಹವೆಯಿಂದ ಬರುವುದಲ್ಲ, ಜನಸಂದಣಿಯಿಂದ. ಮದರಾಸು ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ 2024ರ ಮೇ 7ರಿಂದ ಈ ಎರಡೂ ಗಿರಿಧಾಮಗಳಿಗೆ ಹೋಗುವ ವಾಹನಗಳು ಮುಂಚಿತವಾಗಿ ಇ-ಪಾಸ್ ಪಡೆಯಬೇಕಾಯಿತು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ಊಟಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂಬ ಮಿತಿಯನ್ನೂ ವಿಧಿಸಲಾಯಿತು. ದಿನವೊಂದಕ್ಕೆ ಆರು ಸಾವಿರ ವಾಹನಗಳೆಂಬುದೇ ಮಿತಿಯಾದರೆ, ಮಿತಿಯಿಲ್ಲದ ದಿನಗಳ ಸ್ಥಿತಿಯನ್ನು ಓದುಗರೇ ಊಹಿಸಿಕೊಳ್ಳಬಹುದು. ಘಾಟಿಯ ತಿರುವಿನಲ್ಲಿ ಮೂರು ಗಂಟೆ ನಿಂತ ಕಾರಿನೊಳಗೆ, ಶೌಚಾಲಯದ ಅನುಕೂಲವಿಲ್ಲದೆ, ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸಿರುವ ವೃದ್ಧರು ಕುಳಿತಿರಬೇಕಾದ ಸಂಕಟ ಯಾವ ಪ್ರವಾಸ ಪತ್ರಿಕೆಯಲ್ಲಿಯೂ ಅಚ್ಚಾಗುವುದಿಲ್ಲ. ಅದಕ್ಕೆ ಹೆದರಿ ಅವರು ಬೆಳಗ್ಗಿನಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ಅದು ಇನ್ನೂ ಕೆಟ್ಟದ್ದು.

ಹಿಮಾಲಯದ ಯಾತ್ರೆ

ಎತ್ತರ ಹೆಚ್ಚಿದಷ್ಟೂ ಹಿತವೆಂಬ ಲೆಕ್ಕ 2,500 ಮೀಟರಿನ ಸುಮಾರಿಗೆ ಮುಗಿಯುತ್ತದೆ. ಅಲ್ಲಿಂದ ಮೇಲೆ ಇನ್ನೊಂದು ಲೆಕ್ಕ ಆರಂಭವಾಗುತ್ತದೆ. ಯಾತ್ರೆಯ ಶ್ರದ್ಧೆಯಿಂದ ಹೊರಡುವ ಹಿರಿಯರ ಪ್ರಾಣದ ಪ್ರಶ್ನೆ ಇರುವುದೂ ಅಲ್ಲಿಯೇ.

ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಎಲ್ಲಿಯೂ ನೂರಕ್ಕೆ 21 ಪಾಲೇ. ಆದರೆ ಮೇಲೇರಿದಂತೆ ವಾಯುವಿನ ಒತ್ತಡವೇ ಇಳಿಯುತ್ತದೆ. 3,583 ಮೀಟರ್ ಎತ್ತರದ ಕೇದಾರನಾಥದಲ್ಲಿ ಅದು ಸಮುದ್ರಮಟ್ಟದ ಒತ್ತಡದ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಅಂದರೆ ಒಂದೊಂದು ಉಸಿರಿನಲ್ಲಿಯೂ ಶರೀರಕ್ಕೆ ಒದಗುವ ಆಮ್ಲಜನಕದಲ್ಲಿ ಮೂರನೆಯ ಒಂದು ಪಾಲು ಕಡಿತ. ಶರೀರ ಇದಕ್ಕೆ ಹೊಂದಿಕೊಳ್ಳಬಲ್ಲದು. ಹೊಂದಿಕೊಳ್ಳಲು ಅದಕ್ಕೆ ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ, ರಾತ್ರಿ ತಂಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂದು ಪರ್ವತ ವೈದ್ಯಶಾಸ್ತ್ರದ ತಜ್ಞರು ಹೇಳುತ್ತಾರೆ.

ಈ ನಿಯಮವನ್ನು ಹಿಡಿದು ಯಾತ್ರಾ ಕಂಪನಿಗಳ ಕಾರ್ಯಕ್ರಮ ಪಟ್ಟಿಯನ್ನು ಪರಿಶೀಲಿಸಬೇಕು. ಬ್ಯಾಂಕಿಗೆ ಸಾಲ ಕೇಳಿಕೊಂಡು ಬಂದವರ ಆಸ್ತಿ-ಹೊಣೆ ಪಟ್ಟಿಯನ್ನು ನೋಡುವಂತೆ, ಒಂದೊಂದು ಸಾಲನ್ನೂ ಪ್ರಶ್ನಿಸಿಯೇ ನೋಡಬೇಕು. ಹರಿದ್ವಾರ ಸಮುದ್ರಮಟ್ಟದಿಂದ 300 ಮೀಟರಿನಷ್ಟು ಮೇಲಿದೆ; ಮೇ ತಿಂಗಳಲ್ಲಿ ಅಲ್ಲಿ 38ರಿಂದ 40 ಡಿಗ್ರಿಯ ಸೆಕೆ. ಎರಡು ದಿನಗಳ ರಸ್ತೆಯ ಪಯಣ ಮುಗಿಸಿ ಸುಮಾರು 2,000 ಮೀಟರಿನ ಗೌರೀಕುಂಡ. ಅಲ್ಲಿಂದ ಸುಮಾರು 16 ಕಿಲೋಮೀಟರ್ ಕಾಲುದಾರಿಯಲ್ಲಿ ಒಂದೇ ಹಗಲು 1,600 ಮೀಟರ್ ಏರಿ, ರಾತ್ರಿ ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಕೇದಾರದಲ್ಲಿಯೇ ವಾಸ. ನಿಯಮಕ್ಕೆ ಮೂರು ಪಟ್ಟು ಮೀರಿದ ಏರಿಕೆ ಇದು. ಮುಂಬಯಿ, ಚೆನ್ನೈಗಳಂತಹ ಸಮುದ್ರಮಟ್ಟದ ಊರಿನಲ್ಲಿ ಬಾಳಿದ ವೃದ್ಧರ ಶರೀರಕ್ಕೆ ಈ ಏರಿಕೆಯ ಜತೆಗೆ ಸೆಕೆಯಿಂದ ಚಳಿಗೆ ಜಿಗಿಯುವ ಆಘಾತವೂ ಸೇರುತ್ತದೆ. ಹೆಲಿಕಾಪ್ಟರ್ ಏರಿದರೆ ಕಾಲಿನ ಶ್ರಮ ತಪ್ಪುತ್ತದೆ, ನಿಜ. ಗಾಳಿಯ ಕೊರತೆ ತಪ್ಪುವುದಿಲ್ಲ. ನಿಮಿಷಗಳಲ್ಲಿ ಮೇಲೇರಿದ ಶರೀರಕ್ಕೆ ಹೊಂದಿಕೊಳ್ಳುವ ವ್ಯವಧಾನವೇ ಇರುವುದಿಲ್ಲ. ಹಾಗೆ ಹೋದವರು ದರ್ಶನ ಮುಗಿಸಿ ಅಂದೇ ಇಳಿದುಬಿಡುವುದು ಕ್ಷೇಮ.

ಬದರಿನಾಥದ ಮಾತು ಸ್ವಲ್ಪ ಬೇರೆ. ಸುಮಾರು 3,100 ಮೀಟರಿನ ಆ ಕ್ಷೇತ್ರಕ್ಕೆ ವಾಹನ ಬಾಗಿಲವರೆಗೂ ಹೋಗುತ್ತದೆ. ಸುಮಾರು 1,900 ಮೀಟರಿನ ಜೋಶಿಮಠದಲ್ಲಿ ಒಂದೆರಡು ರಾತ್ರಿ ತಂಗಿ, ಬೆಳಗ್ಗೆ ಹೊರಟು, ಬದರಿಯಲ್ಲಿ ದರ್ಶನ ಪಡೆದು, ಸಂಜೆಗೆ ಮರಳಿ ಜೋಶಿಮಠಕ್ಕೆ ಬರುವ ಏರ್ಪಾಡು ಮಾಡಿಕೊಂಡರೆ, ಆರೋಗ್ಯ ಒಂದಿಷ್ಟು ಗಟ್ಟಿಯಿರುವ ಎಪ್ಪತ್ತರ ಹಿರಿಯರಿಗೂ ಅದು ಸಾಧ್ಯವಾದೀತು. ನಾಲ್ಕೂ ಧಾಮಗಳನ್ನು ಒಂದೇ ಉಸಿರಿನಲ್ಲಿ ಮುಗಿಸಬೇಕೆಂಬ ಹಟ ಬಿಟ್ಟು, ಹಿರಿಯರ ಪಾಲಿಗೆ ಬದರಿಯೊಂದನ್ನೇ ಇಟ್ಟುಕೊಳ್ಳುವುದರಿಂದ ಅವರ ಪುಣ್ಯಕ್ಕೆ ಕೊರತೆಯೇನೂ ಬಾರದು.

ಎತ್ತರದ ಕಾಯಿಲೆಯ ಲಕ್ಷಣಗಳನ್ನು ಜತೆಯಲ್ಲಿ ಹೋಗುವ ಪ್ರತಿಯೊಬ್ಬರೂ ತಿಳಿದಿರಬೇಕು. ಮೊದಲು ತಲೆನೋವು, ಓಕರಿಕೆ, ಊಟ ಬೇಡವಾಗುವುದು, ನಿದ್ರೆ ಬಾರದಿರುವುದು. ಇಷ್ಟರಲ್ಲಿಯೇ ಮುಂದಿನ ಏರಿಕೆಯನ್ನು ನಿಲ್ಲಿಸಬೇಕು. ವಿಶ್ರಾಂತಿಯಲ್ಲಿರುವಾಗಲೂ ಏದುಸಿರು, ಕೆಮ್ಮು, ತುಟಿ ನೀಲಿಗಟ್ಟುವುದು, ನಡೆಯುವಾಗ ತೂರಾಡುವುದು, ಮಾತು ಅಸಂಬದ್ಧವಾಗುವುದು ಇವು ಕಂಡರೆ ಪ್ರಾಣಾಪಾಯ ಹತ್ತಿರವಿದೆಯೆಂದೇ ಅರ್ಥ. ಅದಕ್ಕೆ ಮುಖ್ಯ ಚಿಕಿತ್ಸೆ ಕೂಡಲೇ ಕೆಳಕ್ಕೆ ಇಳಿಸುವುದು. ಬೆಳಗಾಗಲಿ, ಪೂಜೆ ಮುಗಿಯಲಿ ಎಂದು ಕಾಯಬಾರದು. ಸಿಲಿಂಡರಿನ ಆಮ್ಲಜನಕ ಇಳಿಯುವ ದಾರಿಯಲ್ಲಿ ನೆರವಾಗುತ್ತದೆ, ಇಳಿಯುವುದಕ್ಕೆ ಬದಲಿಯಾಗಲಾರದು. ಎತ್ತರದ ಕಾಯಿಲೆ ಬಾರದಂತೆ ಮುಂಚಿತವಾಗಿ ಕೊಡುವ ಅಸೆಟಝೋಲಮೈಡ್ ಎಂಬ ಮಾತ್ರೆಯುಂಟು. ಅದು ಎಲ್ಲರಿಗೂ ಒಗ್ಗುವುದಿಲ್ಲವಾದ್ದರಿಂದ ವೈದ್ಯರು ಬರೆದುಕೊಡದೆ ನುಂಗಬಾರದು. ವಿಮಾನದಲ್ಲಿ ನೇರವಾಗಿ 3,500 ಮೀಟರಿನ ಲೇಹ್ ನಗರಕ್ಕೆ ಇಳಿಯುವ ತರುಣರಿಗೂ ಈ ಮಾತುಗಳೆಲ್ಲ ಅನ್ವಯಿಸುತ್ತವೆ. ಅಲ್ಲಿ ಮೊದಲ ಎರಡು ದಿನ ಕೋಣೆಯ ಸುತ್ತಮುತ್ತಲೇ ವಿಶ್ರಾಂತಿಯಿಂದ ಇರಬೇಕು. ವಯಸ್ಸು ಚಿಕ್ಕದೆಂದು ಪರ್ವತ ರಿಯಾಯಿತಿ ತೋರಿಸುವುದಿಲ್ಲ.

ತಿಂಗಳ ದೃಷ್ಟಿಯಿಂದಲೂ ಒಂದು ಮಾತು. ಉತ್ತರಾಖಂಡದ ಯಾತ್ರೆ ಅಕ್ಷಯ ತದಿಗೆಯ ಸುಮಾರಿಗೆ ಆರಂಭವಾಗಿ ದೀಪಾವಳಿಯ ಆಸುಪಾಸಿನಲ್ಲಿ ಹಂತಹಂತವಾಗಿ ಮುಗಿಯುತ್ತದೆ. ಮುಂಚಿತ ನೋಂದಣಿ ಕಡ್ಡಾಯ. 2013ರ ಜೂನ್ 16 ಮತ್ತು 17ರಂದು ಕೇದಾರ ಕಣಿವೆಯಲ್ಲಿ ಸಂಭವಿಸಿದ ಪ್ರಳಯಸದೃಶ ಪ್ರವಾಹದಲ್ಲಿ ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ಯಾತ್ರಿಕರು ಕಿಕ್ಕಿರಿದಿದ್ದ ಆ ಹೊತ್ತಿನಲ್ಲಿ ಮುಂಗಾರು ಎಂದಿಗಿಂತ ಬಹು ಮುಂಚಿತವಾಗಿ ಅಲ್ಲಿಗೆ ತಲುಪಿತ್ತು. ಆದುದರಿಂದ ಶಾಲಾಮಕ್ಕಳಿರುವ ದಿಲ್ಲಿಯ ಕುಟುಂಬಗಳು ಜೂನ್ ಮೊದಲ ವಾರದೊಳಗೆ ಬೆಟ್ಟ ಇಳಿದಿರುವಂತೆ ನೋಡಿಕೊಳ್ಳುವುದು ಲೇಸು. ಶಾಲೆಯ ಹಂಗಿಲ್ಲದ ನಿವೃತ್ತ ದಂಪತಿಗಳಾದರೋ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಹೋಗಬಹುದು. ಮಳೆ ಹಿಂದೆಗೆದು ಆಕಾಶ ತಿಳಿಯಾಗಿರುತ್ತದೆ, ಜನಸಂದಣಿ ಕಡಿಮೆ. ಚಳಿ ಮಾತ್ರ ಸ್ವಲ್ಪ ಹೆಚ್ಚು. ಮೂವತ್ತು ವರ್ಷ ಮಕ್ಕಳ ಶಾಲೆಗಾಗಿ ಮೇ ತಿಂಗಳಲ್ಲಿ ಪ್ರವಾಸ ಮಾಡಿದವರು, ಮಕ್ಕಳೆಲ್ಲ ದೊಡ್ಡವರಾದ ಮೇಲೂ ಅಭ್ಯಾಸಬಲದಿಂದ ಅದೇ ತಿಂಗಳಲ್ಲಿ ಅದೇ ನೂಕುನುಗ್ಗಲಿಗೆ ಸೇರಿಕೊಳ್ಳುವುದು ವಿಚಿತ್ರವೇ ಸರಿ.

ಮಲೆನಾಡಿನ ಮೇ

ಎಳೆಯ ಮಕ್ಕಳೂ ವೃದ್ಧರೂ ಒಟ್ಟಿಗೆ ಇರುವ ಕುಟುಂಬಕ್ಕೆ ಮೇ ತಿಂಗಳಲ್ಲಿ ಅತ್ಯಂತ ಸೂಕ್ತವಾದ ಎತ್ತರ 1,000ದಿಂದ 1,500 ಮೀಟರ್ ಎನ್ನಬಹುದು. ಅಷ್ಟರಲ್ಲಿ ಸೆಕೆ ಇಳಿಯುತ್ತದೆ, ಉಸಿರಿಗೆ ತೊಂದರೆಯಿಲ್ಲ, ಆಸ್ಪತ್ರೆಯಿರುವ ಪೇಟೆ ಬಹು ದೂರವಿರುವುದಿಲ್ಲ. ಚಿಕ್ಕಮಗಳೂರು ಸುಮಾರು 1,090 ಮೀಟರ್, ಮಡಿಕೇರಿ ಸುಮಾರು 1,150, ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಗೆಯ ಬಿಡಾರವಾಗಿದ್ದ ಕೆಮ್ಮಣ್ಣುಗುಂಡಿ 1,434.

ಮಲೆನಾಡು ಎಂಬ ಹೆಸರೊಂದೇ ತಂಪಿಗೆ ಜಾಮೀನಲ್ಲ ಎಂಬುದನ್ನೂ ಗಮನಿಸಬೇಕು. ಶಿರಸಿ, ತೀರ್ಥಹಳ್ಳಿ, ಆಗುಂಬೆಗಳೆಲ್ಲ 600 ಮೀಟರಿನ ಆಸುಪಾಸಿನಲ್ಲಿವೆ. ಲೆಕ್ಕ ಹಾಕಿದರೆ ನಾಲ್ಕು ಡಿಗ್ರಿಯ ಲಾಭ ಮಾತ್ರ. ಕಾಡಿನ ನೆರಳು, ಅಡಕೆ ತೋಟದ ತಂಪು ಸೇರಿ ಹಿತವೆನಿಸಬಹುದು. ಆದರೂ ಹಗಲು ಹನ್ನೆರಡರಿಂದ ನಾಲ್ಕರವರೆಗೆ ಅಲ್ಲಿಯೂ ಜಗುಲಿಯೇ ಗತಿ. ಕರಾವಳಿಯಿಂದ ಆಗುಂಬೆಗೆ ಏರುವ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಮಕ್ಕಳಿಗೆ ವಾಂತಿಯಾಗುವುದು ಸರ್ವೇಸಾಮಾನ್ಯ. ಬೆಳಗ್ಗೆ ಹೊಟ್ಟೆ ತುಂಬ ಎಣ್ಣೆತಿಂಡಿ ಕೊಡದೆ, ಎರಡು ಇಡ್ಲಿ ತಿನ್ನಿಸಿ ಮುಂದಿನ ಆಸನದ ಹತ್ತಿರ ಕುಳ್ಳಿರಿಸಿ, ದೂರದ ಬೆಟ್ಟವನ್ನು ನೋಡುವಂತೆ ಹೇಳಿದರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ.

ಮೇ ಮೂರನೆಯ ವಾರದವರೆಗೆ ಮಲೆನಾಡಿನ ದಿನಚರಿ ಹೀಗಿರುತ್ತದೆ: ಬೆಳಗ್ಗೆ ಶುಭ್ರ ಆಕಾಶ, ಮಧ್ಯಾಹ್ನ ಮೋಡ, ಸಂಜೆ ಗುಡುಗು ಸಿಡಿಲಿನ ಮಳೆ, ರಾತ್ರಿ ಹೊದಿಕೆ ಬೇಡುವ ತಂಪು. ಇದರಲ್ಲಿ ಅಪಾಯವಿರುವುದು ಸಿಡಿಲಿನಲ್ಲಿ. ಕರ್ನಾಟಕದ ಅತ್ಯುನ್ನತ ಶಿಖರವಾದ ಸುಮಾರು 1,930 ಮೀಟರಿನ ಮುಳ್ಳಯ್ಯನಗಿರಿಯಾಗಲಿ, ಬಾಬಾಬುಡನ್‌ಗಿರಿಯ ಬೋಳು ನೆತ್ತಿಗಳಾಗಲಿ ಮಧ್ಯಾಹ್ನದ ಮೇಲೆ ನಿಲ್ಲುವ ಸ್ಥಳಗಳಲ್ಲ. ಬೆಳಗ್ಗೆ ಏಳಕ್ಕೆ ಹೊರಟು ಹನ್ನೊಂದಕ್ಕೆ ಇಳಿದು ಬರಬೇಕು. ಮೊದಲ ಮಳೆ ಬಿದ್ದ ಕೂಡಲೇ ತರಗೆಲೆಯ ನಡುವಿನಿಂದ ಇಂಬಳಗಳು ಎದ್ದು ಬರುತ್ತವೆ. ಅವುಗಳಿಂದ ಪ್ರಾಣಾಪಾಯವೇನಿಲ್ಲ, ಉಪ್ಪು ಅಥವಾ ನಶ್ಯದ ಪುಡಿ ಹಾಕಿದರೆ ಉದುರುತ್ತವೆ. ಕಿತ್ತೆಳೆದರೆ ಗಾಯ ಕೀವಾಗುವ ಸಂಭವವುಂಟು.

ಇದೇ ತಿಂಗಳಲ್ಲಿ ಹೋಗಬಾರದ ಕೆಲವು ಪ್ರಸಿದ್ಧ ಸ್ಥಳಗಳಿವೆ. ಹಂಪೆ, ಬಾದಾಮಿ, ಐಹೊಳೆ, ಪಟ್ಟದಕಲ್ಲು, ವಿಜಯಪುರಗಳು ನವೆಂಬರಿನಿಂದ ಫೆಬ್ರವರಿಯವರೆಗಿನ ತಾಣಗಳು. ಮೇ ತಿಂಗಳಲ್ಲಿ ಹಂಪೆಯ ಬಂಡೆಗಳು ಹಗಲೆಲ್ಲ ಹೀರಿದ ಬಿಸಿಲನ್ನು ಸೂರ್ಯಾಸ್ತದ ಮೇಲೂ ಉಗುಳುತ್ತಿರುತ್ತವೆ. 253 ಮೀಟರ್ ಆಳಕ್ಕೆ ಧುಮುಕುವ ಜೋಗವನ್ನು ಕಾಣಬೇಕಾದದ್ದು ಜುಲೈಯಿಂದ ಸೆಪ್ಟೆಂಬರಿನವರೆಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಂದಿನಿಂದ ಬೇಸಗೆಯಲ್ಲಿ ಅಲ್ಲಿ ಕಾಣುವುದು ಹೆಚ್ಚಾಗಿ ಕಲ್ಲು. ಇದಕ್ಕೆ ವಿರುದ್ಧವಾಗಿ, ಬೇಸಗೆಯಲ್ಲಿಯೇ ನೋಡಬೇಕಾದದ್ದು ನಾಗರಹೊಳೆ ಮತ್ತು ಬಂಡೀಪುರ ಕಾಡುಗಳ ನಡುವಿನ ಕಬಿನಿ ಜಲಾಶಯದ ಹಿನ್ನೀರು. ಕಾಡಿನೊಳಗಿನ ಕೆರೆಗಳು ಬತ್ತಿ, ಹಿನ್ನೀರು ಇಳಿದ ಜಾಗದಲ್ಲಿ ಹಸಿ ಹುಲ್ಲು ಚಿಗುರಿ, ಮಾರ್ಚಿಯಿಂದ ಮೇವರೆಗೆ ಆನೆಗಳು ಹಿಂಡುಹಿಂಡಾಗಿ ಅಲ್ಲಿ ಸೇರುತ್ತವೆ. ಕಾಡಿನ ಸವಾರಿ ನಸುಕಿನಲ್ಲಿ ಮತ್ತು ಇಳಿಹೊತ್ತಿನಲ್ಲಿ ಮಾತ್ರ ಇರುವುದರಿಂದ ಮಧ್ಯಾಹ್ನದ ಬಿಸಿಲೂ ತಪ್ಪುತ್ತದೆ.

ಊರಿನ ಪ್ರವಾಸ

ಮುಂಬಯಿ, ಪುಣೆಗಳ ಕರಾವಳಿ ಕನ್ನಡಿಗರಿಗೆ ಮೇ ತಿಂಗಳ ಪ್ರವಾಸವೆಂದರೆ ಮೊದಲನೆಯದಾಗಿ ಊರು. ಮದುವೆ, ಮುಂಜಿ, ಗೃಹಪ್ರವೇಶಗಳೆಲ್ಲ ಆ ತಿಂಗಳಿಗೇ ಕಾದಿರುತ್ತವೆ. ಇಲ್ಲಿ ತಾಣದ ಆಯ್ಕೆಗೆ ಅವಕಾಶವಿಲ್ಲ; ದಿನಗಳ ಆಯ್ಕೆಗೆ ಖಂಡಿತ ಅವಕಾಶವುಂಟು.

ಕರ್ನಾಟಕದ ಶಾಲೆಗಳಿಗೆ ಬೇಸಗೆ ರಜೆ ಏಪ್ರಿಲ್ ಎರಡನೆಯ ವಾರದಲ್ಲಿ ಆರಂಭವಾಗಿ ಮೇ ಕೊನೆಗೆ ಮುಗಿಯುತ್ತದೆ. ಮಹಾರಾಷ್ಟ್ರದ ಶಾಲೆಗಳು ಬಹುಪಾಲು ಜೂನ್ ನಡುವಿನಲ್ಲಿ ತೆರೆಯುತ್ತವೆ. ದಿಲ್ಲಿಯವು ಮೇ ನಡುವಿನ ಸುಮಾರಿಗೆ ಮುಚ್ಚಿ ಜುಲೈ ಆರಂಭದಲ್ಲಿ ತೆರೆಯುತ್ತವೆ. ಅಂದರೆ ದಿಲ್ಲಿಯ ಮಗು ಊರಿಗೆ ತಲುಪುವಷ್ಟರಲ್ಲಿ ದೊಡ್ಡಪ್ಪನ ಮಕ್ಕಳು ಪುಸ್ತಕಕ್ಕೆ ಹೊದಿಕೆ ಹಾಕುತ್ತಿರುತ್ತಾರೆ. ಕನ್ನಡವನ್ನೋ ತುಳುವನ್ನೋ ಸಮವಯಸ್ಕರೊಡನೆ ಕಿತ್ತಾಡಿ ಕಲಿಯಲು ಹೊರನಾಡಿನ ಮಕ್ಕಳಿಗೆ ದೊರೆಯುವುದು ಈ ಕೆಲವೇ ದಿನಗಳು. ಹಾಗಾಗಿ ಊರಿಗೆ ಮೊದಲು, ಗಿರಿಧಾಮಕ್ಕೆ ಆಮೇಲೆ ಎಂಬ ಕ್ರಮವೇ ಉತ್ತಮ. ಯಕ್ಷಗಾನದ ಬಯಲಾಟ, ಭೂತಕೋಲಗಳನ್ನು ಮಕ್ಕಳಿಗೆ ತೋರಿಸಬೇಕೆನ್ನುವವರೂ ಮೇ 24ರ ಸುಮಾರಿನ ಪತ್ತನಾಜೆಯೊಳಗೇ ಊರಿನಲ್ಲಿರಬೇಕು. ಬೇಶ ತಿಂಗಳ ಆ ಹತ್ತನೆಯ ದಿನ ತುಳುನಾಡಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮೀನಿನ ಆಸೆಯುಳ್ಳವರಿಗೆ ಇನ್ನೊಂದು ಗಡುವು: ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ.

ಆರೋಗ್ಯದೃಷ್ಟಿಯಿಂದ ಊರಿನ ಮುಖ್ಯ ಸಮಸ್ಯೆ ನೀರು. ಮೇ ಕೊನೆಯಲ್ಲಿ ಬಾವಿಗಳ ನೀರು ತಳಕ್ಕಿಳಿದಿರುತ್ತದೆ. ಮೊದಲ ಮಳೆಗೆ ಮೇಲಿನ ಕೊಳೆಯೆಲ್ಲ ಕೊಚ್ಚಿ ಬಂದು ಕದಡುತ್ತದೆ. ಅತಿಸಾರವೂ ಕಾಮಾಲೆಯೂ ಹರಡುವುದು ಈ ಸಂಧಿಕಾಲದಲ್ಲಿಯೇ. ‘ನಮ್ಮ ಬಾವಿಯ ನೀರು ಅಮೃತ’ ಎಂಬ ಅಜ್ಜಿಯ ಅಭಿಮಾನಕ್ಕೆ ನೋವಾಗದಂತೆ, ಮಕ್ಕಳಿಗೆ ಕುದಿಸಿ ಆರಿಸಿದ ನೀರನ್ನೇ ಕೊಡಬೇಕು. ಮದುವೆಮನೆಯ ಐಸ್ ಹಾಕಿದ ಪಾನಕದ ವಿಷಯದಲ್ಲಿಯೂ ಅದೇ ಎಚ್ಚರ. ಭೇದಿಯಾದರೆ ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಿರುವಷ್ಟೇ ನೀರಿನಲ್ಲಿ, ದೊಡ್ಡ ಪೊಟ್ಟಣವಾದರೆ ಒಂದು ಲೀಟರಿನಲ್ಲಿ, ಪೂರ್ತಿಯಾಗಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಬೇಕು.

ಪ್ರಯಾಣದ ಸಿದ್ಧತೆ

ರೈಲಿನ ಮುಂಗಡ ಕಾದಿರಿಸುವಿಕೆ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಿಗೆ ಇಳಿದಿದೆ. ಮೇ 5ಕ್ಕೆ ಹೊರಡುವವರು ಮಾರ್ಚಿ ಮೊದಲ ವಾರದಲ್ಲಿಯೇ ಎಚ್ಚರವಾಗಿರಬೇಕು. ದಿಲ್ಲಿಯಿಂದ ಎರಡು ರಾತ್ರಿಗಳ ಪಯಣ ಮಾಡಿ ಬೆಂಗಳೂರಿಗೆ ಬರುವವರಿಗೆ ಝಾನ್ಸಿಯಿಂದ ಭುಸಾವಳದವರೆಗಿನ ಹಾದಿಯೇ ಅತಿ ಬಿಸಿ. ವೃದ್ಧರೂ ಶಿಶುಗಳೂ ಇದ್ದರೆ ಹವಾನಿಯಂತ್ರಿತ ಡಬ್ಬಿಯ ಹೆಚ್ಚಿನ ದರವನ್ನು ವಿಲಾಸದ ಖರ್ಚೆಂದು ಬಗೆಯದೆ ವೈದ್ಯಕೀಯ ಖರ್ಚೆಂದೇ ಬರೆದುಕೊಳ್ಳಬೇಕು. ಇತರ ಡಬ್ಬಿಗಳಲ್ಲಿ ಹೋಗುವವರು ಹಗಲು ಒದ್ದೆ ಬಟ್ಟೆಯಿಂದ ಆಗಾಗ ಮುಖ, ಕತ್ತು, ತೋಳುಗಳನ್ನು ಒರೆಸಿಕೊಳ್ಳುತ್ತಿರಬೇಕು. ಯಾರಿಗಾದರೂ ಮೈ 40 ಡಿಗ್ರಿ ದಾಟಿ ಸುಡುತ್ತಾ, ಮಾತು ತಡವರಿಸತೊಡಗಿದರೆ ಅದು ಬಿಸಿಲಿನ ಆಘಾತ. ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಚಿಮುಕಿಸಿ, ಗಾಳಿ ಬೀಸುತ್ತಾ ಮುಂದಿನ ನಿಲ್ದಾಣದಲ್ಲಿ ವೈದ್ಯರನ್ನು ಕರೆಸಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ನಿತ್ಯದ ಮಾತ್ರೆಗಳನ್ನು ಪ್ರವಾಸದ ದಿನಗಳಿಗಿಂತ ಒಂದು ವಾರ ಹೆಚ್ಚಾಗಿ, ಎರಡು ಭಾಗ ಮಾಡಿ ಎರಡು ಚೀಲಗಳಲ್ಲಿ ಇಡುವುದು ಜಾಣತನ. ಒಂದು ಚೀಲ ಕಳೆದರೂ ಇನ್ನೊಂದು ಉಳಿಯುತ್ತದೆ. ಬಳಕೆಯಲ್ಲಿರುವ ಇನ್ಸುಲಿನ್ 30 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು. ನಿಲ್ಲಿಸಿದ ಕಾರಿನೊಳಗೆ ಬಿಟ್ಟುಹೋದ ಇನ್ಸುಲಿನ್ ನಿರುಪಯೋಗಿ. ಊರಿನಲ್ಲಿ ಶೀತಕ ಪೆಟ್ಟಿಗೆಗೆ ವಿದ್ಯುತ್ತಿನ ಭರವಸೆಯಿಲ್ಲದಿದ್ದರೆ, ಸೀಸೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ನೀರು ಜಿನುಗುವ ಮಣ್ಣಿನ ಕುಡಿಕೆಯಲ್ಲಿ ನೆರಳಿಗೆ ಇಡಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ರಕ್ತದೊತ್ತಡದ ರೋಗಿಗಳು, ಬೇಸಗೆಯ ಪಯಣದಲ್ಲಿ ಅದರ ಪ್ರಮಾಣವನ್ನು ಬದಲಿಸಬೇಕೇ ಎಂದು ಹೊರಡುವ ಮುನ್ನವೇ ತಮ್ಮ ವೈದ್ಯರನ್ನು ಕೇಳಬೇಕು. ತಾವಾಗಿಯೇ ನಿಲ್ಲಿಸುವುದು ಅಪಾಯಕರ.

ಕೊನೆಯದಾಗಿ ಮರಳುವ ದಿನ. ಮುಂಗಾರು ಸಾಮಾನ್ಯವಾಗಿ ಕೇರಳಕ್ಕೆ ಜೂನ್ 1ಕ್ಕೂ ಮುಂಬಯಿಗೆ ಜೂನ್ 11ರ ಸುಮಾರಿಗೂ ತಲುಪುತ್ತದೆ; ಕರಾವಳಿ ಕರ್ನಾಟಕದಲ್ಲಿ ಈ ಎರಡರ ನಡುವೆ. ಆಮೇಲೆ ಘಾಟಿ ರಸ್ತೆಗಳಲ್ಲಿ ಗುಡ್ಡ ಜರಿಯುವ ಭಯ, ಕೊಂಕಣ ರೈಲುಮಾರ್ಗದಲ್ಲಿ ವೇಗ ತಗ್ಗಿಸಿದ ಮಳೆಗಾಲದ ವೇಳಾಪಟ್ಟಿ. ಜೂನ್ 5ರೊಳಗೆ ಮನೆ ಸೇರುವಂತೆ ಟಿಕೆಟ್ಟು ತೆಗೆಸಿದರೆ, ಒದ್ದೆಯಾಗದ ಹಪ್ಪಳ ಸಂಡಿಗೆಯ ಡಬ್ಬಿಗಳೊಡನೆ ಬಂದಿಳಿದು, ಶಾಲೆ ತೆರೆಯುವ ಮುನ್ನ ಅಜ್ಜಿಗೆ ನಾಲ್ಕು ದಿನ ಕಾಲು ಚಾಚಿ ಮಲಗಲೂ ಬಿಡುವು ಸಿಗುತ್ತದೆ.